‘ಮಸ್ಟಾಂಗ್’ ನಮ್ಮ ಹೋಬಳಿಗೂ ಬರಲಿ

ಮನೆಯ ಹುಳುಕನ್ನು ಪರದೇಶದವರ ಮುಂದೆ ಹರವಿದಳು ಎಂಬುದು ನಿರ್ದೇಶಕಿ ಡೆನಿಜ್ ಗಾಮ್ಜೆ ಎರ್ಗುವೆನ್ ಮೇಲೆ ಟರ್ಕಿಯಲ್ಲಿ ಕೆಲವರು ಹೊರಿಸಿದ ಆರೋಪ. ಆಕೆ ಹುಟ್ಟಿದ್ದು ಅಂಕಾರಾದಲ್ಲಿ, ಸಿನಿಮಾ ಕಲಿತದ್ದು ಪ್ಯಾರಿಸ್ಸಿನಲ್ಲಿ. ಆಕೆಯ 2015ರ ‘ಮಸ್ಟಾಂಗ್’ ಚಿತ್ರದ ಮಾತೆಲ್ಲ ಟರ್ಕಿ ಭಾಷೆಯದು. ಆಸ್ಕರ್ ಸ್ಪರ್ಧೆಗೆ ಕಳಿಸಿದ್ದು ಮಾತ್ರ ಫ್ರಾನ್ಸ್. ಟೀಕಾಕಾರರಿಗೆ ಅಷ್ಟೇ ಸಾಕಾಯಿತು.

ಕಥೆಯಲ್ಲಿ ಅಪ್ಪ-ಅಮ್ಮನಿಲ್ಲದ ಐವರು ಅಕ್ಕತಂಗಿಯರು. ಶಾಲೆಯ ಕೊನೆಯ ದಿನ ಹುಡುಗರ ಜೊತೆ ಸಮುದ್ರದಲ್ಲಿ ಆಡಿದರೆಂದು ಪಕ್ಕದ ಮನೆಯಾಕೆ ಚಾಡಿ ಹೇಳುತ್ತಾಳೆ. ಅಲ್ಲಿಂದ ಫೋನು ಹೋಯಿತು, ಶಾಲೆ ಹೋಯಿತು, ಕಿಟಕಿಗೆ ಸರಳು ಬಂತು, ಒಬ್ಬೊಬ್ಬಳಿಗೂ ಗಂಡು ಗೊತ್ತಾಗತೊಡಗಿತು. ಹುಡುಗಿಯರು ಕದ್ದು ಫುಟ್‌ಬಾಲ್ ಪಂದ್ಯಕ್ಕೆ ಓಡುತ್ತಾರೆ. ಅವರ ಮುಖ ಟೀವಿಯಲ್ಲಿ ಗಂಡಸರ ಕಣ್ಣಿಗೆ ಬೀಳಬಾರದೆಂದು ಮನೆಯ ಹೆಂಗಸೊಬ್ಬಳು ಇಡೀ ಊರಿನ ಕರೆಂಟನ್ನೇ ಕೆಡಿಸುತ್ತಾಳೆ! ಕಾವಲಿಗಿದ್ದ ಹೆಂಗಸರೇ ಗುಟ್ಟಾಗಿ ಕಾಪಾಡುವ ಈ ಪರಿ ನಮ್ಮ ಅಜ್ಜಿಯರಿಗೂ ಗೊತ್ತು.

ಈ ಹುಡುಗಿಯರ ನಡೆನುಡಿ ಹಳ್ಳಿಯದ್ದಲ್ಲ, ಪ್ಯಾರಿಸ್ಸಿನದು ಎಂಬ ಟೀಕೆಯಲ್ಲಿ ಹುರುಳಿದೆ, ಒಪ್ಪೋಣ. ಆದರೆ ಮಾನ ಹೋಯಿತು ಎಂಬ ಕೂಗನ್ನು ಒಪ್ಪಲಾರೆ. ಅದನ್ನು ನಮ್ಮಲ್ಲೂ ಸಾಕಷ್ಟು ಕೇಳಿದ್ದೇವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗದ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹುಡುಗಿಯನ್ನು ಹಟ್ಟಿಯಾಚೆ ಇಡುವ ಸುದ್ದಿ ಪತ್ರಿಕೆಗೆ ಬಂದರೆ ಜನಾಂಗಕ್ಕೆ ಅವಮಾನ ಎನ್ನುತ್ತಾರೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಊರಾಚೆಯ ಗುಡಿಸಲಲ್ಲಿ ಇಟ್ಟು, ಮಳೆ-ಚಳಿಗೆ ಹಸುಗೂಸು ಸತ್ತಿತಲ್ಲ, ಅವಮಾನ ಯಾವುದು? ಗೊಲ್ಲರನ್ನಷ್ಟೇ ಬೈದು ಕೈ ತೊಳೆದುಕೊಳ್ಳುವ ಮೇಲ್ಜಾತಿಯವರೂ ತಮ್ಮ ಮನೆಯಲ್ಲಿ ‘ಹೊರಗೆ ಕೂರುವವರು’ ಯಾರೆಂದು ನೋಡಿಕೊಳ್ಳಲಿ.

ಹರೆಯದ ಸಿನಿಮಾ ನಮ್ಮ ಚಿತ್ರದುರ್ಗ ಜಿಲ್ಲೆಗೆ ಹೊಸದೇನಲ್ಲ. ತ.ರಾ.ಸು. ಕಾದಂಬರಿಗಳಿಂದ ನಿರ್ದೇಶಕ ಪುಟ್ಟಣ್ಣ ಮಾಡಿದ ‘ನಾಗರಹಾವು’ 1972ರಲ್ಲಿ ಇಲ್ಲಿನ ಕೋಟೆಯ ಕಲ್ಲುಗಳ ಮೇಲೆ ಹರಿದಾಡಿತು. ನಾಯಕ ರಾಮಾಚಾರಿಯ ಹುಂಬತನಕ್ಕೆ ಇವತ್ತಿಗೂ ಚಪ್ಪಾಳೆ. ಅವನು ಪ್ರೀತಿಸಿದ ಅಲಮೇಲುವನ್ನು ಕೇಳದೆ ಬೇರೆಯವನಿಗೆ ಕೊಟ್ಟರು, ಕಟ್ಟಿಕೊಂಡವನು ದಂಧೆಗೆ ದೂಡಿದ. ಅವಳ ಪಾಡಿಗೆ ಎರಡು ಹನಿ ಕಣ್ಣೀರು. ಅವಳ ಕಣ್ಣಿನಿಂದ ಆ ಕಥೆ ಹೇಗಿತ್ತು ಎಂದು ಯಾರೂ ಕೇಳಲಿಲ್ಲ.

ಎಳೆಯ ಹುಡುಗಿಯರ ಮದುವೆ ತಡೆಯಲು ಕಾನೂನಂತೂ ಇದೆ. 2016ರ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಆದರೆ ಗಂಡು ನೋಡುವ ಮಾತು ನಡೆಯುವುದು ಪಡಸಾಲೆಯಲ್ಲಿ, ಅಲ್ಲಿಗೆ ಕಾನೂನು ಹೋಗುವುದು ತಡವಾಗಿ.

ಹಾಗಾಗಿ ಶಿಕ್ಷಣ ಇಲಾಖೆಯವರಲ್ಲಿ, ಜಿಲ್ಲೆಯ ಚಿತ್ರಾಸಕ್ತರಲ್ಲಿ ಒಂದು ಕೇಳಿಕೆ. ‘ಮಸ್ಟಾಂಗ್’ಗೆ ಕನ್ನಡ ಅಡಿಬರಹ ಹಾಕಿಸಿ, ಹಿರೇಗುಂಟನೂರು ಹೋಬಳಿಯಲ್ಲೊಂದು ಪ್ರದರ್ಶನ ಇಡಿ. ಹುಡುಗಿಯರನ್ನು ಕರೆಯಬೇಕಿಲ್ಲ, ಅವರಿಗೆ ಇದೆಲ್ಲ ಗೊತ್ತಿದೆ. ಮುಂದಿನ ಸಾಲಿನಲ್ಲಿ ಅಪ್ಪ, ಚಿಕ್ಕಪ್ಪ, ಸೋದರಮಾವಂದಿರನ್ನು ಕೂರಿಸಿ.