ಮನೆ ಬೆಳೆದಾಗ ಹಳಬರೂ ಹೊಸಬರೂ



"ಈ ಆಟ ಮುಗಿಯುವುದು ಯಾವಾಗಪ್ಪಾ?" ಗಣಕಯಂತ್ರದ ಮುಂದೆ ಕುಳಿತ ಮಗನನ್ನು ಊಟಕ್ಕೆ ಕರೆದು ಕರೆದು ಸಾಕಾದ ತಾಯಿ ಕೇಳುವ ಪ್ರಶ್ನೆ ಇದು. ಪ್ರಶ್ನೆ ಸಹಜವಾದುದು. ಚೌಕಾಬಾರ ಮುಗಿಯುತ್ತದೆ, ಕಬಡ್ಡಿ ಮುಗಿಯುತ್ತದೆ, ಐದು ದಿನದ ಕ್ರಿಕೆಟ್ ಪಂದ್ಯವೂ ಒಂದು ಸಂಜೆಗೆ ಮುಗಿಯಲೇಬೇಕು. ಆದರೆ ಅಂತರ್ಜಾಲದ ಮೂಲಕ ಸಾವಿರಾರು ಜನ ಏಕಕಾಲಕ್ಕೆ ಆಡುವ ಕೆಲವು ಆಟಗಳಿಗೆ ಮುಕ್ತಾಯವೆಂಬುದೇ ಇಲ್ಲ. ಇನ್ನೇನು ಮಾಡಲು ಏನೂ ಉಳಿದಿಲ್ಲ ಎನ್ನುವ ಹೊತ್ತಿಗೆ ಅವುಗಳನ್ನು ನಿರ್ಮಿಸಿದವರು ಹೊಸದೊಂದು ನಾಡನ್ನೇ ಸೇರಿಸಿ ಆಟವನ್ನು ಬೆಳೆಸುತ್ತಾರೆ. ಇದನ್ನು ಆಟಗಾರರು 'ಎಕ್ಸ್‌ಪಾನ್ಷನ್' ಎನ್ನುತ್ತಾರೆ; ನಾವು ವಿಸ್ತರಣೆ ಎಂದು ಕರೆಯೋಣ.

ಆಟದ ಮಾತು ಈ ಪುಟಗಳಿಗೇಕೆ ಎಂದು ಹಿರಿಯರು ಕೇಳಬಹುದು. ಹಳೆಯ ಮನೆಗೆ ಹೊಸ ಅಂಕಣ ಕಟ್ಟಿಸಿದಾಗ ಹಿರಿಯರ ಹಾಸಿಗೆ ಎಲ್ಲಿ, ಹೊಸದಾಗಿ ಬಂದ ಸೊಸೆಯ ಕೋಣೆ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆಯಷ್ಟೆ? ಅದೇ ಪ್ರಶ್ನೆಯನ್ನು ಈ ಆಟವೊಂದು ಎರಡು ದಶಕಗಳಿಂದ ಎದುರಿಸುತ್ತ ಬಂದಿದೆ. ಬೆಳೆಯುವ ಮನೆಯಲ್ಲಿ ಹಳಬರ ದುಡಿಮೆಗೆ ಬೆಲೆ ಉಳಿಯಬೇಕು, ಹೊಸಬರಿಗೆ ಬಾಗಿಲು ತೆರೆದಿರಬೇಕು. ಎರಡನ್ನೂ ಸಾಧಿಸುವುದು ಎಷ್ಟು ಕಷ್ಟವೆಂಬುದನ್ನು ಅದರ ಇತಿಹಾಸದಿಂದ ಮನಗಾಣಬಹುದು.

ಆ ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅಮೆರಿಕದ ಕ್ಯಾಲಿಫೋರ್ನಿಯಾದ ಬ್ಲಿಝಾರ್ಡ್ ಸಂಸ್ಥೆಯು ಅದನ್ನು 2004ರ ನವೆಂಬರ್ 23ರಂದು ಬಿಡುಗಡೆ ಮಾಡಿತು. ಆಟಗಾರನು ತಿಂಗಳಿಗೆ ಸುಮಾರು 15 ಡಾಲರ್ ಚಂದಾ ತೆತ್ತು, ಅಜೆರಾತ್ ಎಂಬ ಕಲ್ಪಿತ ಜಗತ್ತಿನಲ್ಲಿ ತನ್ನದೊಂದು ಪಾತ್ರವನ್ನು ಸೃಷ್ಟಿಸಿಕೊಳ್ಳುತ್ತಾನೆ. ಆ ಪಾತ್ರ ಒಂದನೆಯ ಮಟ್ಟದಿಂದ ಆರಂಭಿಸಿ, ಒಪ್ಪಿಸಿದ ಕೆಲಸಗಳನ್ನು ಮಾಡುತ್ತ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ಆರಂಭದ ವರ್ಷಗಳಲ್ಲಿ 60ನೆಯ ಮಟ್ಟವೇ ಕೊನೆಯದು. ಸಾಮಾನ್ಯ ಆಟಗಾರನಿಗೆ ಅಲ್ಲಿ ತಲುಪಲು ತಿಂಗಳುಗಳೇ ಬೇಕಾಗುತ್ತಿದ್ದವು.

ತಲುಪಿದ ಮೇಲೆ ನಿಜವಾದ ಪರಿಶ್ರಮ ಮೊದಲಾಗುತ್ತಿತ್ತು. ನಾಲ್ವತ್ತು ಜನ ಒಂದು ಬಳಗವಾಗಿ, ಗೊತ್ತಾದ ರಾತ್ರಿ ಗೊತ್ತಾದ ಹೊತ್ತಿಗೆ ಕೂಡಿ, ದುರ್ಗಗಳನ್ನು ಹೊಕ್ಕು ಬಲಿಷ್ಠ ಶತ್ರುಗಳನ್ನು ಎದುರಿಸಬೇಕು. ಇಂಥ ಬಳಗವನ್ನು ಆಟದಲ್ಲಿ 'ಗಿಲ್ಡ್' ಎನ್ನುತ್ತಾರೆ. ಒಬ್ಬ ಶತ್ರುವನ್ನು ಗೆಲ್ಲಲು ವಾರಗಟ್ಟಲೆ ಸೋಲಬೇಕಾದುದುಂಟು. ಗೆದ್ದಾಗ ದೊರೆಯುವ ಆಯುಧ, ಕವಚಗಳು ಕೆಲವೇ. ಪಡೆಯಬೇಕಾದವರು ನಾಲ್ವತ್ತು ಜನ. ತನ್ನ ಸರದಿಗಾಗಿ ಒಬ್ಬನು ತಿಂಗಳುಗಟ್ಟಲೆ ಕಾಯುತ್ತಿದ್ದನು. ಆದುದರಿಂದ ಆ ಕವಚ ತೊಟ್ಟು ಪೇಟೆಯಲ್ಲಿ ನಿಂತವನನ್ನು ಹೊಸಬರು ಬೆರಗಿನಿಂದ ನೋಡುತ್ತಿದ್ದರು. 2006ರ ಜೂನ್‌ನಲ್ಲಿ ತೆರೆದ ನಕ್ಸ್‌ರಾಮಸ್ ಎಂಬ ದುರ್ಗವಂತೂ ಎಷ್ಟು ಕಠಿಣವಾಗಿತ್ತೆಂದರೆ, ಅದರ ಒಳಭಾಗವನ್ನು ಕಂಡವರು ಬಹು ಸ್ವಲ್ಪ ಮಂದಿ.

ಹೀಗಿರುವಾಗ 2007ರ ಜನವರಿ 16ರಂದು 'ದಿ ಬರ್ನಿಂಗ್ ಕ್ರುಸೇಡ್' ಎಂಬ ಮೊದಲನೆಯ ವಿಸ್ತರಣೆ ಬಂದಿತು. ಔಟ್‌ಲ್ಯಾಂಡ್ ಎಂಬ ಹೊಸ ನಾಡು ತೆರೆಯಿತು. ಮೇಲಿನ ಮಿತಿ 60ರಿಂದ 70ಕ್ಕೆ ಏರಿತು. ಹೊಸ ನಾಡಿನಲ್ಲಿ ಮೊದಲ ಕೆಲವು ಕೆಲಸಗಳನ್ನು ಮಾಡಿದವನಿಗೆ ಸಿಗುತ್ತಿದ್ದ ಸಾಧಾರಣ ಕವಚವು, ಹಳೆಯ ಅನೇಕ ದುರ್ಲಭ ವಸ್ತುಗಳಿಗೆ ಸರಿಸಮವಾಗಿತ್ತು. ನಕ್ಸ್‌ರಾಮಸ್‌ನಂಥ ದುರ್ಗದಿಂದ ತಂದ ಅತ್ಯುತ್ತಮ ವಸ್ತುಗಳು ಮಾತ್ರ ಇನ್ನಷ್ಟು ದಿನ ಬಾಳಿದವು. ಒಂದೆರಡು ವರ್ಷದ ರಾತ್ರಿಗಳನ್ನು ಸವೆಸಿ ಗಳಿಸಿದುದು ಪೆಟ್ಟಿಗೆ ಸೇರಿತು. ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. ಹೊಸ ದುರ್ಗಗಳನ್ನು ನಾಲ್ವತ್ತು ಜನರಿಗಲ್ಲದೆ ಇಪ್ಪತ್ತೈದು ಜನರಿಗೆ, ಮೊದಲನೆಯದನ್ನಂತೂ ಹತ್ತೇ ಜನರಿಗೆ ರೂಪಿಸಲಾಗಿತ್ತು. ಇಷ್ಟು ದಿನ ಒಟ್ಟಿಗೆ ಕಷ್ಟಪಟ್ಟ ನಾಲ್ವತ್ತು ಜನರಲ್ಲಿ ಹದಿನೈದು ಜನರಿಗೆ ಇಂದು ನೀವು ಹೊರಗಿರಿ ಎಂದು ಹೇಳಬೇಕಾದ ಸಂಕಟ ಬಳಗದ ಮುಖಂಡರಿಗೆ ಒದಗಿತು. ಎಷ್ಟೋ ಬಳಗಗಳು ಇದರಿಂದಲೇ ಒಡೆದವು.

ಹೊಸಬರ ದೃಷ್ಟಿಯಿಂದ ನೋಡಿದರೆ ಇದೇ ಬದಲಾವಣೆ ನ್ಯಾಯವಾಗಿ ಕಾಣುತ್ತದೆ. ತಡವಾಗಿ ಬಂದವನು ಹಳಬರ ಎರಡು ವರ್ಷದ ಗಳಿಕೆಯನ್ನು ಹಿಂದೆ ಬಿದ್ದು ಹಿಡಿಯಬೇಕಾಗಿಲ್ಲ. ಎಲ್ಲರೂ ಮತ್ತೆ ಒಂದೇ ಗೆರೆಯ ಮೇಲೆ ನಿಂತಂತಾಯಿತು. ಪ್ರತಿ ವಿಸ್ತರಣೆಯೂ ಹೀಗೊಂದು ಸಮಾನತೆಯನ್ನು ತರುತ್ತದೆ. ಆದರೆ ಆ ಗೆರೆಯನ್ನು ಮುಟ್ಟಲು ಹೊಸಬನು ಮೊದಲಿನ ಅರವತ್ತು ಮಟ್ಟಗಳನ್ನು ಏರಲೇಬೇಕಿತ್ತು. ಜನರೆಲ್ಲ ಔಟ್‌ಲ್ಯಾಂಡಿಗೆ ಹೋದ ಮೇಲೆ ಹಳೆಯ ಊರುಗಳಲ್ಲಿ ಜನಸಂಚಾರ ಕಡಿಮೆಯಾಯಿತು. ಐದು ಜನ ಕೂಡಿ ಮಾಡಬೇಕಾದ ಕೆಲಸಕ್ಕೆ ನೆರವು ಕೇಳಿದರೆ ಓಗೊಡುವವರೇ ವಿರಳ. ಜಾತ್ರೆ ಮುಗಿದ ಮರುದಿನ ಊರಿಗೆ ಬಂದ ಅತಿಥಿಯ ಸ್ಥಿತಿ ಅವನದಾಯಿತು.

2008ರ ನವೆಂಬರ್ 13ರಂದು ಬಂದ ಎರಡನೆಯ ವಿಸ್ತರಣೆ ಮಿತಿಯನ್ನು 80ಕ್ಕೆ ಏರಿಸಿತು. ಬಹು ಜನ ನೋಡದೆ ಉಳಿದಿದ್ದ ನಕ್ಸ್‌ರಾಮಸ್ ಅನ್ನು ಆಗ ಹೊಸ ಮಟ್ಟಕ್ಕೆ ಹೊಂದಿಸಿ, ಹತ್ತು ಅಥವಾ ಇಪ್ಪತ್ತೈದು ಜನ ಪ್ರವೇಶಿಸುವಂತೆ ಸುಲಭಗೊಳಿಸಿ ಮತ್ತೆ ತೆರೆದರು. ಸಾಮಾನ್ಯರು ಸಂತೋಷಪಟ್ಟರು. ಮೂಲ ನಾಲ್ವತ್ತು ಜನರ ದುರ್ಗವನ್ನು ತೆಗೆದುಹಾಕಿದುದರಿಂದ, ಅದನ್ನು ಗೆದ್ದಿದ್ದ ಹಳಬರಿಗೆ ತಮ್ಮ ಸಾಧನೆ ಅಳಿಸಿಹೋದಂತೆ ಅನಿಸಿತು. ಮುಂದಿನ ವರ್ಷದ ಡಿಸೆಂಬರ್‌ನಲ್ಲಿ, ಬೇರೆ ಬೇರೆ ಸರ್ವರ್‌ಗಳ ಅಪರಿಚಿತರನ್ನು ಯಂತ್ರವೇ ಕೂಡಿಸಿ ದುರ್ಗದೊಳಗೆ ಕಳಿಸುವ ಏರ್ಪಾಡು ಬಂದಿತು. ಹೊಸಬನ ಒಂಟಿತನಕ್ಕೆ ಅದೊಂದು ಪರಿಹಾರವಾಯಿತು. ಆದರೆ ಹೆಸರು ಹಿಡಿದು ಕರೆಯುತ್ತಿದ್ದ ನೆರೆಹೊರೆಯ ಜಾಗದಲ್ಲಿ, ಕೆಲಸ ಮುಗಿಸಿ ಮಾತಿಲ್ಲದೆ ಅಗಲುವ ಸಹಪ್ರಯಾಣಿಕರು ಬಂದರು.

ಮೂರನೆಯ ವಿಸ್ತರಣೆ 'ಕ್ಯಾಟಕ್ಲಿಸಂ' ಬಂದದ್ದು 2010ರ ಡಿಸೆಂಬರ್ 7ರಂದು. ಮೊದಲಿನ ಎರಡು ವಿಸ್ತರಣೆಗಳು ಹಳೆಯ ಮನೆಯ ಪಕ್ಕದಲ್ಲಿ ಹೊಸ ಅಂಕಣ ಕಟ್ಟಿದ್ದವು. ಇದು ಹಳೆಯ ಮನೆಯ ಗೋಡೆಗಳನ್ನೇ ಕೆಡವಿ ಕಟ್ಟಿತು. ಒಣ ಕಣಿವೆಯಾಗಿದ್ದ ತೌಸಂಡ್ ನೀಡಲ್ಸ್ ಪ್ರದೇಶ ನೀರಿನಲ್ಲಿ ಮುಳುಗಿತು. ಬ್ಯಾರನ್ಸ್ ಬಯಲು ಬಿರುಕು ಬಿಟ್ಟು ಎರಡಾಯಿತು. ಡಾರ್ಕ್‌ಶೋರ್ ತೀರದ ಆಬರ್ಡೈನ್ ಎಂಬ ಊರು ನಾಶವಾಯಿತು. ಈ ಬದಲಾವಣೆ ವಿಸ್ತರಣೆಗೆ ಎರಡು ವಾರ ಮೊದಲೇ, ಅದನ್ನು ಕೊಳ್ಳದವರಿಗೂ ಅನ್ವಯಿಸಿತು. ಮೊದಲ ಮಟ್ಟಗಳ ದಾರಿ ಹಸನಾದುದು ಹೊಸಬರಿಗೆ ನಿಜವಾಗಿ ಉಪಕಾರವೇ. ಆದರೆ ತಾನು ಮೊದಲ ಬಾರಿ ದಾರಿ ತಪ್ಪಿದ ಕಾಡನ್ನು, ಮೊದಲ ಗೆಳೆಯನನ್ನು ಕಂಡ ಹಳ್ಳಿಯನ್ನು ನೋಡಲು ಬಂದ ಹಳಬನಿಗೆ ಅಲ್ಲಿ ಏನೂ ಉಳಿದಿರಲಿಲ್ಲ. ಅಣೆಕಟ್ಟಿನ ಹಿನ್ನೀರಿನಲ್ಲಿ ಊರನ್ನು ಕಳೆದುಕೊಂಡ ನಮ್ಮ ಕಡೆಯ ಕುಟುಂಬಗಳ ದುಃಖದ ಮುಂದೆ ಈ ಕಲ್ಪಿತ ಊರಿನ ದುಃಖ ಅತ್ಯಲ್ಪ. ಆದರೂ ಅದೇ ಜಾತಿಯದು.

ಆ ವರ್ಷದ ಅಕ್ಟೋಬರ್‌ನಲ್ಲಿ ಚಂದಾದಾರರ ಸಂಖ್ಯೆ 1 ಕೋಟಿ 20 ಲಕ್ಷ ಮುಟ್ಟಿತ್ತು. ಅದಾದ ಮೇಲೆ ಇಳಿಯತೊಡಗಿತು. 2014ರ ನವೆಂಬರ್‌ನಲ್ಲಿ ಐದನೆಯ ವಿಸ್ತರಣೆ ಬರುವ ಹೊತ್ತಿಗೆ ಮಿತಿ 100 ಆಯಿತು. ಹೊಸಬನು ಇಷ್ಟೆಲ್ಲ ಏರುವುದು ಎಂದಿಗೆ? ಅದಕ್ಕಾಗಿ ವಿಸ್ತರಣೆಯನ್ನು ಕೊಂಡವರಿಗೆ ಒಂದು ಪಾತ್ರವನ್ನು ನೇರವಾಗಿ 90ನೆಯ ಮಟ್ಟಕ್ಕೆ ಏರಿಸುವ ಸೌಲಭ್ಯ ಕೊಟ್ಟರು. ಇನ್ನೊಂದು ಪಾತ್ರಕ್ಕೂ ಬೇಕೆಂದರೆ 60 ಡಾಲರ್ ಬೆಲೆ. ಬಾಗಿಲೇನೋ ತೆರೆಯಿತು, ಆದರೆ ಮೆಟ್ಟಿಲು ಹತ್ತದೆ ಮಾಳಿಗೆಯಲ್ಲಿ ನಿಂತವನಿಗೆ ಕೆಳಗಿನ ಮನೆಯ ಪರಿಚಯವೇ ಇಲ್ಲ. ಕೈಯಲ್ಲಿ ಹತ್ತಾರು ವಿದ್ಯೆಗಳು, ಯಾವುದನ್ನು ಯಾವಾಗ ಬಳಸಬೇಕೆಂಬುದು ತಿಳಿಯದು. ಹಳಬರು ನಗುತ್ತಿದ್ದರು, ಗದರುತ್ತಿದ್ದರು. ಕಾಯಕವಿಲ್ಲದೆ ಬಂದ ಫಲವು ಪಡೆದವನಿಗೂ ಹಿತವಾಗದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಬಿಡುಗಡೆಯ ವೇಳೆಗೆ ಮತ್ತೆ 1 ಕೋಟಿ ದಾಟಿದ್ದ ಚಂದಾದಾರರು 2015ರ ಜೂನ್ ಕೊನೆಗೆ 56 ಲಕ್ಷಕ್ಕೆ ಇಳಿದರು. ಹೊಸತನದ ಆಕರ್ಷಣೆಗೆ ಬಂದವರು ನೆಲೆ ನಿಲ್ಲುವರೆಂಬ ಭರವಸೆ ಇಲ್ಲ.

ಇತ್ತ ಹಳೆಯ ಆಟವನ್ನೇ ಬಯಸಿದವರು ತಾವಾಗಿ ಒಂದು ಸರ್ವರ್ ನಡೆಸಿ, ಮೊದಲಿನ ಅಜೆರಾತ್ ಅನ್ನು ಉಳಿಸಿಕೊಂಡಿದ್ದರು. ಅದಕ್ಕೆ ನಾಸ್ಟಾಲ್ರಿಯಸ್ ಎಂದು ಹೆಸರು. ಅನುಮತಿಯಿಲ್ಲದ ಆ ಸರ್ವರ್ ಬ್ಲಿಝಾರ್ಡ್ ಸಂಸ್ಥೆಯ ಕಾನೂನು ನೋಟೀಸಿನಿಂದ 2016ರ ಏಪ್ರಿಲ್‌ನಲ್ಲಿ ಮುಚ್ಚಿದಾಗ, ಎರಡು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಕೊನೆಗೆ ಸಂಸ್ಥೆಯೇ 2019ರ ಆಗಸ್ಟ್‌ನಲ್ಲಿ 'ಕ್ಲಾಸಿಕ್' ಎಂಬ ಹೆಸರಿನಿಂದ ಹಳೆಯ ಆಟವನ್ನು ಪ್ರತ್ಯೇಕವಾಗಿ ತೆರೆಯಿತು. 2021ರಲ್ಲಿ ಅಲ್ಲಿಯೂ ಮೊದಲ ವಿಸ್ತರಣೆ ಬಂದಾಗ, ಮುಂದೆ ಹೋಗುವವರು ಹೋಗಬಹುದು, ಹಳೆಯ ಮನೆಯಲ್ಲೇ ಇರುವವರು ಇರಬಹುದು ಎಂಬ ಆಯ್ಕೆಯನ್ನು ಕೊಟ್ಟರು. 2007ರಲ್ಲಿ ತೋರದ ಔದಾರ್ಯವಿದು.

ಮೂಲ ಆಟದಲ್ಲಿ ಅಷ್ಟರೊಳಗೆ ಮಿತಿ 120 ಮುಟ್ಟಿತ್ತು. 2020ರ ಅಕ್ಟೋಬರ್‌ನಲ್ಲಿ, ಎಂಟನೆಯ ವಿಸ್ತರಣೆಗೆ ಪೂರ್ವಭಾವಿಯಾಗಿ, 120ರಲ್ಲಿ ನಿಂತವರನ್ನು 50ಕ್ಕೆ ಇಳಿಸಿದರು. ಹೊಸಬರಿಗಾಗಿ ಒಂದು ಪುಟ್ಟ ದ್ವೀಪವನ್ನು ನಿರ್ಮಿಸಿ, ಮೊದಲ ಹತ್ತು ಮಟ್ಟಗಳಲ್ಲಿ ಆಟದ ರೀತಿನೀತಿಗಳನ್ನು ಒಂದೊಂದಾಗಿ ಕಲಿಸುವ ವ್ಯವಸ್ಥೆ ಮಾಡಿದರು. ಹಳಬರಿಗೆ ಅಂಕಿ ಇಳಿದರೂ ಬಲ ಕುಂದಲಿಲ್ಲ. ಹೊಸಬರಿಗೆ ಮೆಟ್ಟಿಲು ತಪ್ಪಲಿಲ್ಲ, ಮೆಟ್ಟಿಲ ಸಂಖ್ಯೆ ಮಾತ್ರ ಕಡಿಮೆಯಾಯಿತು. ಹದಿನಾರು ವರ್ಷಗಳ ಅನುಭವದ ಮೇಲೆ ಕಂಡುಕೊಂಡ ಈ ಮಾರ್ಗ 2014ರ ಮಾರ್ಗಕ್ಕಿಂತ ಮೇಲು. ಆಟ ಮಾತ್ರ ನಿಂತಿಲ್ಲ. ಹತ್ತನೆಯ ವಿಸ್ತರಣೆ 2024ರ ಆಗಸ್ಟ್‌ನಲ್ಲಿ ಬಂದಿತು. ಗಳಿಸಿದುದು ಮತ್ತೊಮ್ಮೆ ಹಳತಾಯಿತು.

ಹಾಗಾದರೆ ಉಳಿಯುವುದು ಏನು? ನಾರ್ವೆ ದೇಶದ ಮ್ಯಾಟ್ಸ್ ಸ್ಟೀನ್ ಎಂಬ ತರುಣನ ಜೀವನ ಇದಕ್ಕೆ ಉತ್ತರ ಹೇಳುತ್ತದೆ. ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಡುಶೆನ್ ಎಂಬ ವ್ಯಾಧಿಯಿಂದ ಆತ ಗಾಲಿಕುರ್ಚಿ ಹಿಡಿದಿದ್ದನು. ದಿನದ ಬಹು ಹೊತ್ತು ಈ ಆಟದಲ್ಲೇ ಕಳೆಯುತ್ತಿದ್ದನು. ಮಗನಿಗೆ ಗೆಳೆತನದ ಸುಖವೇ ದಕ್ಕಲಿಲ್ಲವೆಂದು ತಂದೆತಾಯಿಗಳು ಕೊರಗುತ್ತಿದ್ದರು. 2014ರ ನವೆಂಬರ್‌ನಲ್ಲಿ, ಐದನೆಯ ವಿಸ್ತರಣೆ ಬಂದ ಅದೇ ತಿಂಗಳು, 25ರ ವಯಸ್ಸಿನಲ್ಲಿ ಆತ ತೀರಿಕೊಂಡನು. ಮರಣವಾರ್ತೆಯನ್ನು ಮಗನ ಅಂತರ್ಜಾಲ ಪುಟದಲ್ಲಿ ತಂದೆ ತಿಳಿಸಿದಾಗ, ನಾನಾ ದೇಶಗಳಿಂದ ಪತ್ರಗಳು ಬಂದವು. ಕಷ್ಟದಲ್ಲಿ ನಿಮ್ಮ ಮಗ ನಮ್ಮ ಮಾತು ಕೇಳಿದ, ಧೈರ್ಯ ತುಂಬಿದ ಎಂದು ಬರೆದವರು ಅವನ ಬಳಗದವರು. ಕೆಲವರು ಅಂತ್ಯಕ್ರಿಯೆಗೂ ಬಂದರು. ಆತನ ಬದುಕನ್ನು ಕುರಿತ ಸಾಕ್ಷ್ಯಚಿತ್ರವನ್ನು 2024ರಲ್ಲಿ ಜಗತ್ತು ನೋಡಿತು. ಆತ ಗಳಿಸಿದ ಆಯುಧ ಯಾವುದು, ಕವಚ ಯಾವುದು ಎಂದು ಆ ಪತ್ರಗಳಲ್ಲಿ ಯಾರು ತಾನೆ ನೆನೆದಾರು?

ಇಲ್ಲಿ ಮರುಳಶಂಕರದೇವರ ಪ್ರಸಂಗ ನೆನಪಾಗುತ್ತದೆ. ಬಸವಣ್ಣನವರ ಮಹಾಮನೆಯಲ್ಲಿ ಪ್ರಸಾದಕುಂಡದ ಬಳಿ ಅವರು ಹನ್ನೆರಡು ವರ್ಷ ಯಾರ ಗಮನಕ್ಕೂ ಬಾರದೆ ಇದ್ದರೆಂದೂ, ಅಲ್ಲಮಪ್ರಭುಗಳು ಅವರ ನಿಜವನ್ನು ಗುರುತಿಸಿದರೆಂದೂ ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ಅಷ್ಟು ದೊಡ್ಡ ಮನೆಯಲ್ಲಿಯೂ ದೂರದಿಂದ ಬಂದವನೊಬ್ಬ ಕಾಣದೆ ಉಳಿಯಬಹುದು. ಮನೆ ಬೆಳೆದಂತೆಲ್ಲ ನೋಡುವ ಕಣ್ಣೂ ಬೆಳೆಯಬೇಕೆಂಬುದೇ ಆ ಪ್ರಸಂಗದ ಪಾಠ.

ತಂದೆತಾಯಿಗಳಿಗೆ ನನ್ನ ವಿನಂತಿ ಇಷ್ಟೆ. ಆಟಕ್ಕೆ ಹೊತ್ತು ಗೊತ್ತು ಮಾಡಿರಿ. ತಿಂಗಳ ಚಂದಾ, ವಿಸ್ತರಣೆಯ ಬೆಲೆ ಎಷ್ಟೆಂಬುದನ್ನು ಕೇಳಿ ತಿಳಿದುಕೊಳ್ಳಿರಿ. ಓದು, ನಿದ್ರೆ, ಇಷ್ಟಲಿಂಗ ಪೂಜೆಯ ಸಮಯವನ್ನು ಆಟ ನುಂಗದಂತೆ ಕಾಯುವುದು ಹಿರಿಯರ ಹೊಣೆ. ಅದರೊಂದಿಗೆ, "ಎಷ್ಟನೆಯ ಮಟ್ಟಕ್ಕೆ ಬಂದೆ?" ಎಂದು ಕೇಳುವ ಬದಲು, "ಯಾರ ಜೊತೆ ಆಡುತ್ತೀಯಪ್ಪಾ? ಹೊಸಬರು ಬಂದರೆ ದಾರಿ ತೋರಿಸುತ್ತೀಯಾ?" ಎಂದು ಒಮ್ಮೆ ಕೇಳಿ ನೋಡಿರಿ. ಮಟ್ಟ ಮುಂದಿನ ವಿಸ್ತರಣೆಗೆ ಹಳತಾಗುತ್ತದೆ. ಹೊಸಬನ ಕೈಹಿಡಿದು ನಡೆಸಿದ ಗುಣವನ್ನು ಹಳತು ಮಾಡುವ ವಿಸ್ತರಣೆ ಇನ್ನೂ ಬಂದಿಲ್ಲ.