ಪಾಸ್‌ಬುಕ್ಕಿನ ಹಳೇ ಪುಟ ಯಾರ ಕೈಗೆ?

ಅಂಗಡಿಗೆ ಸಾಲ ಬೇಕೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತಿರುವ ಮಾತು: "ಆರು ತಿಂಗಳ ಸ್ಟೇಟ್‌ಮೆಂಟ್ ತನ್ನಿ." ಪ್ರಿಂಟರ್ ಕೆಟ್ಟಿದ್ದರೆ ನಾಳೆ ಬನ್ನಿ, ಸೀಲು ಹಾಕುವವರು ಊಟಕ್ಕೆ ಹೋಗಿದ್ದರೆ ಸಂಜೆ ಬನ್ನಿ. ಈಗ ಅಷ್ಟು ಅಲೆಯಬೇಕಿಲ್ಲ ಸ್ವಾಮಿ. ಮೊಬೈಲಿನಲ್ಲಿ 'ಒಪ್ಪಿದೆ' ಎಂದು ಒತ್ತಿದರೆ ಸಾಕು, ನಿಮ್ಮ ಲೆಕ್ಕ ಸಾಲ ಕೊಡುವವರ ಮೇಜಿಗೆ ಹೋಗಿ ಕೂರುತ್ತದೆ. ಒಳ್ಳೆಯದೇ. ಆದರೆ ಎಷ್ಟು ಹಿಂದಿನ ಲೆಕ್ಕ ಹೋಗುತ್ತಿದೆ ಅಂತ ನೋಡಿ ಒತ್ತಿದವರು ಎಷ್ಟು ಮಂದಿ?

ಹೊರದೇಶಗಳಲ್ಲಿ ಓಪನ್ ಬ್ಯಾಂಕಿಂಗ್ ಎನ್ನುವುದಕ್ಕೆ ನಮ್ಮಲ್ಲಿರುವ ಏರ್ಪಾಟು ಅಕೌಂಟ್ ಅಗ್ರಿಗೇಟರ್. ರಿಸರ್ವ್ ಬ್ಯಾಂಕು 2016ರಲ್ಲಿ ನಿಯಮ ಮಾಡಿತು. 2021ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳು ಬಾಗಿಲು ತೆರೆದವು. 2022ರಲ್ಲಿ ಜಿಎಸ್‌ಟಿ ಲೆಕ್ಕವೂ ಇದಕ್ಕೆ ಸೇರಿತು. ಅಗ್ರಿಗೇಟರ್ ಅಂದರೆ ನಡುವಿನ ಅಂಚೆಯವನಿದ್ದ ಹಾಗೆ. ಲಕೋಟೆ ಸಾಗಿಸಬಹುದು, ಒಡೆದು ಓದುವಂತಿಲ್ಲ, ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿನ ಪಾಸ್‌ವರ್ಡ್, ಪಿನ್ ಕೇಳುವಂತೆಯೂ ಇಲ್ಲ. ಕೇಳಿದನೋ, ಅವನು ಅಂಚೆಯವನಲ್ಲ, ಜೇಬುಗಳ್ಳ.

ಗುಟ್ಟೆಲ್ಲ ಇರುವುದು ಒಪ್ಪಿಗೆಯಲ್ಲಿ. ಯಾರಿಗೆ, ಯಾವ ಕೆಲಸಕ್ಕೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ವ್ಯವಹಾರ, ಒಂದೇ ಸಲ ನೋಡುತ್ತಾರೋ ತಿಂಗಳು ತಿಂಗಳೂ ಇಣುಕುತ್ತಾರೋ, ಎಲ್ಲ ಅದರಲ್ಲೇ ಇರುತ್ತದೆ. ಬಸ್ಸಿನಲ್ಲಿ ಜೋತಾಡುತ್ತ ಓದಲು ಆಗುವ ಅಕ್ಷರವಲ್ಲ, ಅದು ಬೇರೆ ಮಾತು.

ಮಂಡಿಪೇಟೆಯ ದಿನಸಿ ವ್ಯಾಪಾರಿಯೊಬ್ಬರು ಅಂತ ಇಟ್ಟುಕೊಳ್ಳಿ. ಈ ವರ್ಷ ವ್ಯಾಪಾರ ಜೋರು, ದಿನಾ ಹಣ ಜಮೆ. ಮೂರು ವರ್ಷದ ಹಿಂದೆ ಮಗಳ ಮದುವೆ, ಹೆಂಡತಿಯ ಆಸ್ಪತ್ರೆ ಖರ್ಚು ಒಟ್ಟಿಗೇ ಬಂದು ನಾಲ್ಕು ಚೆಕ್ಕು ವಾಪಸಾಗಿದ್ದವು. ಆರು ತಿಂಗಳ ಲೆಕ್ಕ ತೋರಿಸಿದರೆ ಅವರು ಸಾಹುಕಾರರು; ಮೂರು ವರ್ಷದ್ದು ತೋರಿಸಿದರೆ ಅನುಮಾನದ ಗಿರಾಕಿ. ದುಡ್ಡು ಕೊಡುವವರಿಗೂ ಹಳೇದನ್ನು ಕೇಳಲು ಕಾರಣ ಇದೆ, ಇಲ್ಲವೆನ್ನೋಣ ಹೇಗೆ? ಹತ್ತು ಲಕ್ಷ ಕೇಳಿದರೆ ಅವರು ಹಿಂದುಮುಂದು ನೋಡಲೇಬೇಕು. ಆದರೆ ಇಪ್ಪತ್ತು ಸಾವಿರದ ಸಾಲಕ್ಕೆ ಮೂರು ವರ್ಷದ ಔಷಧಿ ಅಂಗಡಿಯ ಲೆಕ್ಕವೆಲ್ಲ ಯಾಕ್ರೀ ಬೇಕು? ಹೀಗೆ ಕೇಳುವ ಹಕ್ಕು ನಿಮಗಿದೆ. ನೀವು ಒಪ್ಪದೆ ಈ ದಾರಿಯಲ್ಲಿ ಒಂದು ಸಾಲೂ ಹೋಗುವುದಿಲ್ಲ. ಕೊಟ್ಟ ಒಪ್ಪಿಗೆಯನ್ನು ಆಮೇಲೆ ರದ್ದು ಮಾಡಬಹುದು. ಅಲ್ಲಿಂದ ಮುಂದಿನದು ನಿಲ್ಲುತ್ತದೆ. ಅಷ್ಟರಲ್ಲಿ ಅವರು ನೋಡಿದ್ದನ್ನು ಮರೆಸುವ ಗುಂಡಿ ಮಾತ್ರ ಇಲ್ಲ.

ಇನ್ನು, ಎಲ್ಲರೂ ಈ ಬಾಗಿಲು ದಾಟಲಾರರು. ಬ್ಯಾಂಕಿನಲ್ಲಿ ನಮೂದಾದ ಮೊಬೈಲ್ ನಂಬರೇ ಇದಕ್ಕೆ ಬೀಗದ ಕೈ. ಹಳೇ ಸಿಮ್ ಬಿಸಾಕಿ ಹೊಸದು ಹಾಕಿಕೊಂಡವರು, ಮಗನ ನಂಬರ್ ಬರೆಸಿದ ತಾಯಂದಿರು ಹೊರಗೇ ನಿಲ್ಲಬೇಕು. ಏರ್ಪಾಟು ಶುರುವಾದದ್ದೂ ಒಬ್ಬರೇ ನಡೆಸುವ ಖಾತೆಗಳಿಗೆ. ಅಣ್ಣತಮ್ಮಂದಿರು ಇಬ್ಬರೂ ರುಜು ಹಾಕಬೇಕಾದ ಪಾಲುದಾರಿಕೆ ಖಾತೆಗೆ ಒಬ್ಬನ ಬೆರಳು ಒತ್ತಿದರೆ ಆದೀತೇ? ಅಂಥವರಿಗೆ ಸೀಲು ಹಾಕಿಸಿದ ಕಾಗದವೇ ಗತಿ.

ನಾಳೆ ಪಾಸ್‌ಬುಕ್ ಎಂಟ್ರಿಗೆ ಹೋದಾಗ ಖಾತೆಯಲ್ಲಿ ಯಾವ ನಂಬರ್ ಇದೆ ಅಂತ ಕೌಂಟರಿನಲ್ಲಿ ಕೇಳಿ. ಬದಲಾಗಿದ್ದರೆ ಅರ್ಜಿ ಬರೆದುಕೊಟ್ಟು ಬನ್ನಿ, ಸಾಲದ ಅಗತ್ಯ ಬಿದ್ದ ದಿನ ಓಡಾಡುವುದು ಬೇಡ.