ಕಸೂತಿಯ ಕೆಲಸವೂ ಜಾತ್ರೆಯ ವ್ಯಾಪಾರವೂ

ವ್ಯವಸಾಯದ ಪತ್ರಿಕೆಯಲ್ಲಿ ಸೂಜಿದಾರದ ಪ್ರಸ್ತಾಪವೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಒಕ್ಕಲುಮನೆಯ ಆದಾಯವೆಲ್ಲವೂ ಹೊಲಗದ್ದೆಗಳಿಂದಲೇ ಬರತಕ್ಕದ್ದೆಂಬ ನಿಯಮವೇನೂ ಇಲ್ಲ. ಹಸುವಿನ ಹಾಲೂ ರೇಷ್ಮೆಯ ಗೂಡೂ ಮನೆಯ ಖರ್ಚನ್ನು ತೂಗಿಸುವುದನ್ನು ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಭೂಹಿಡುವಳಿದಾರರು ಚೆನ್ನಾಗಿ ಬಲ್ಲರು. ಅದೇ ಮನೆಗಳ ಹೆಂಗಸರು ಕುಲಾವಿ, ದಿಂಬಿನ ಗವಸು, ಕೈಚೀಲ, ರವಕೆಗಳ ಮೇಲೆ ಹಾಕುವ ಕಸೂತಿಯನ್ನು ಮಾತ್ರ ನಾವು ಹೊತ್ತು ಕಳೆಯುವ ಆಟವೆಂದು ಎಣಿಸುತ್ತಿರುವೆವು. ಈ ಎಣಿಕೆಯು ಮನೆಗೆ ನಷ್ಟಕರವಾದುದೆಂಬುದು ನಮ್ಮ ಅಭಿಪ್ರಾಯ.

ಕಬಿನಿಯ ನಾಲೆಗಳ ಕೆಳಗೆ ಮಳೆಗಾಲದ ನಾಟಿಯು ಮುಗಿದು, ಭತ್ತದ ಕೊಯ್ಲೂ ಒಕ್ಕಣೆಯೂ ತೀರಿದ ಬಳಿಕ ಹೆಂಗಸರ ಕೈಗೆ ಸ್ವಲ್ಪ ಬಿಡುವು ದೊರೆಯುವುದು. ನಮ್ಮ ದೊಡ್ಡ ಜಾತ್ರೆಗಳೂ ಈ ಬಿಡುವಿನಲ್ಲಿಯೇ ಕೂಡುವುವು. ಪುಷ್ಯಮಾಸದ ಕಡೆಯಲ್ಲಿ ಸುತ್ತೂರಿನ ಜಾತ್ರೆ, ಅಲ್ಲಿಯ ಕೃಷಿ ಮೇಳ ಮತ್ತು ವಸ್ತುಪ್ರದರ್ಶನ. ಅದರ ಹಿಂದೆಯೇ ಮುಡುಕುತೊರೆ ಮಲ್ಲಿಕಾರ್ಜುನಸ್ವಾಮಿಯ ಜಾತ್ರೆ ಮತ್ತು ದನಗಳ ಪರಿಷೆ. ಮಾರ್ಚಿ ಏಪ್ರಿಲ್‌ಗಳಲ್ಲಿ ಐದು ರಥಗಳು ಹೊರಡುವ ನಂಜನಗೂಡಿನ ದೊಡ್ಡ ಜಾತ್ರೆ. ತಿರುಮಕೂಡಲಿನಲ್ಲಿ 1989ರಿಂದ ನಡೆದುಬಂದಿರುವ ಕುಂಭಮೇಳವು 2025ರ ಫೆಬ್ರವರಿ 10ರಿಂದ 12ರವರೆಗೆ ನಡೆಯಿತು. ಊರಿನ ಎತ್ತುಗಳನ್ನು ಪರಿಷೆಗೆ ಹೊಡೆದುಕೊಂಡು ಹೋಗುವ ರೈತನು ಮನೆಯಲ್ಲಿ ತಯಾರಾದ ಕಸೂತಿಯ ಗಂಟನ್ನು ಜೊತೆಗೆ ಒಯ್ಯುವುದು ಅಪರೂಪ. ಗಾಡಿಯಲ್ಲಿ ಸ್ಥಳವಿಲ್ಲವೆಂದೇನೂ ಅಲ್ಲ.

ಆದರೆ ಒಯ್ದದ್ದೆಲ್ಲವೂ ಎಲ್ಲಿಯಾದರೂ ಬಿಕರಿಯಾಗುವುದೆಂದು ಭಾವಿಸತಕ್ಕದ್ದಲ್ಲ. ತೇರಿಗೆ ಬಂದವನು ಬಳೆ, ಬತ್ತಾಸು, ಕಡಲೆಪುರಿಗಳಿಗೆಂದು ಗಂಟಿನಲ್ಲಿ ಹಣವನ್ನು ಇಟ್ಟುಕೊಂಡಿರುವನು. ಸಾವಿರ ರೂಪಾಯಿಯ ಚೀಲವನ್ನು ಮೆಚ್ಚಿ, ಮುಟ್ಟಿ ನೋಡಿ, ಮುಂದಕ್ಕೆ ಹೋಗುವನು. ಅಂಥಲ್ಲಿ ಮಕ್ಕಳ ಕುಲಾವಿ, ಕರವಸ್ತ್ರ, ಚಿಕ್ಕ ಎಲೆಯಡಕೆಯ ಚೀಲಗಳು ಸಲ್ಲುವುವು. ಮದುವೆಯ ರವಕೆಯ ಆರಿ ಕೆಲಸವನ್ನು ಜಾತ್ರೆಯಲ್ಲಿ ಮಾರಹೋಗದೆ, ಒಂದೆರಡು ಮಾದರಿಗಳನ್ನು ತೂಗುಹಾಕಿ, ಬೇಕೆಂದವರ ಅಳತೆಯನ್ನೂ ಮುಂಗಡವನ್ನೂ ತೆಗೆದುಕೊಳ್ಳುವುದು ಲೇಸು. ಚೈತ್ರ ವೈಶಾಖಗಳ ಮದುವೆಗಳು ಜಾತ್ರೆಗಳ ಬೆನ್ನಿಗೇ ಬರುವುವಷ್ಟೆ. ಬೆಲೆಬಾಳುವ ಪದಾರ್ಥಗಳಿಗೆ ಮೈಸೂರೇ ತಕ್ಕ ಸ್ಥಳ. ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನವೂ, ಹೆಬ್ಬಾಳಿನ ಬಳಿಯ ಅರ್ಬನ್ ಹಾತ್ ಎಂಬ ಕರಕುಶಲ ಸಂತೆಯೂ ಕೈಕೆಲಸದ ಬೆಲೆಯನ್ನು ಅರಿತ ಗಿರಾಕಿಗಳನ್ನು ಸೆಳೆಯುವ ಜಾಗಗಳು. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣಕ್ಕೆ ಹಣ ಕೊಡಬೇಕಾಗಿಲ್ಲದಿರುವುದರಿಂದ, ದೂರವೆಂಬ ಹಳೆಯ ನೆಪವು ಈಗ ಹೆಚ್ಚು ಬಲವುಳ್ಳದ್ದಲ್ಲ.

ಬೆಲೆ ಕಟ್ಟುವಲ್ಲಿಯೇ ನಮ್ಮ ಹೆಂಗಸರು ಮೋಸಹೋಗುವರು. ಬಟ್ಟೆ ದಾರಗಳ ಕ್ರಯಕ್ಕೆ ಹತ್ತಿಪ್ಪತ್ತು ರೂಪಾಯಿಗಳನ್ನು ಸೇರಿಸಿ, ಅದನ್ನೇ ಲಾಭವೆಂದು ತಿಳಿಯುವರು. ತಮ್ಮ ಹೊತ್ತಿಗೆ ಬೆಲೆಯೇ ಇಲ್ಲವೆಂದು ಅವರಿಗೆ ನಾವೇ ಕಲಿಸಿರುವೆವು. ಉದ್ಯೋಗ ಖಾತರಿಯ ಕೆಲಸದಲ್ಲಿ 2025–26ನೆಯ ಸಾಲಿಗೆ ನಮ್ಮ ರಾಜ್ಯದಲ್ಲಿ ಗೊತ್ತಾಗಿದ್ದ ದಿನಗೂಲಿ 370 ರೂಪಾಯಿ. ಎಂಟು ಗಂಟೆಯ ದಿನಕ್ಕೆ ಭಾಗಿಸಿದರೆ ಗಂಟೆಗೆ ಸುಮಾರು 46 ರೂಪಾಯಿಯಾಗುವುದು. ಒಂದು ಕುಲಾವಿಗೆ ಮೂರು ಗಂಟೆ ಹಿಡಿದರೆ ಕೂಲಿ 138 ರೂಪಾಯಿ. ಬಟ್ಟೆ ದಾರಕ್ಕೆ 50 ಎಂದಿಟ್ಟುಕೊಳ್ಳಿರಿ. ಮಳಿಗೆಯ ಬಾಡಿಗೆ, ಮಾರದೆ ಮಾಸಿಹೋದ ಸರಕು, ಊಟ ತಿಂಡಿಗಳ ಬಾಬ್ತಿಗೆ 20 ಸೇರಿಸಿದರೆ 208. ಇದನ್ನು 100 ರೂಪಾಯಿಗೆ ಮಾರುವವಳು ಮಣ್ಣು ಹೊರುವ ಕೂಲಿಯ ಅರ್ಧವನ್ನೂ ಸಂಪಾದಿಸಲಿಲ್ಲ. 208 ರೂಪಾಯಿಗೆ ಗಿರಾಕಿ ಸಿಕ್ಕದಿದ್ದರೆ ಬೆಲೆಯನ್ನು ಇಳಿಸುವುದಕ್ಕೆ ಮೊದಲು ಕೆಲಸವನ್ನು ಇಳಿಸಬೇಕು. ಹೂವಿನ ಸಾಲು ಮೂರಿದ್ದಲ್ಲಿ ಒಂದು ಸಾಕು. ಲೆಕ್ಕವನ್ನು ಬರೆದಿಡುವ ಅಭ್ಯಾಸವುಳ್ಳ ಯಜಮಾನರು ಮನೆಯ ಹೆಂಗಸರಿಗೆ ಈ ಲೆಕ್ಕವನ್ನೂ ಒಂದು ಸಂಜೆ ತೋರಿಸಿಕೊಟ್ಟರೆ ಉಪಕಾರವಾದೀತು.

ಯಂತ್ರದ ಕಸೂತಿಯು ಅಗ್ಗವಾಗಿ ಗಜಗಟ್ಟಲೆ ಪೇಟೆಗೆ ಬರುತ್ತಿರುವುದು ನಿಜ. ಅದರೊಡನೆ ಬೆಲೆಯಲ್ಲಿ ಸ್ಪರ್ಧಿಸುವುದು ವ್ಯರ್ಥ. ಗಿರಾಕಿಗೆ ಬಟ್ಟೆಯನ್ನು ಮಗುಚಿ ತೋರಿಸಬೇಕು. ಯಂತ್ರದ ಕೆಲಸದ ಹಿಂಬದಿಯಲ್ಲಿ ಬೇರೊಂದು ದಾರವೂ ಅಂಟುಬಟ್ಟೆಯೂ ಕಾಣುವುವು. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳುಂಟು. ಗವಂತಿಯೂ ಮುರ್ಗಿಯೂ ಎರಡು ಮಗ್ಗುಲಿಗೂ ಒಂದೇ ರೀತಿ ಕಾಣುವಂಥವು. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕುವಂಥವು. ಕಲಿಯಬಯಸುವವರು ಕಲಿಯಲಿ. ಆದರೆ ನಂಜನಗೂಡಿನಲ್ಲಿ ಹೊಲಿದುದನ್ನು ಧಾರವಾಡದ ಕಸೂತಿಯೆಂದು ಹೆಸರಿಟ್ಟು ಮಾರಕೂಡದು; ಆ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆಯುಂಟು. ಕಂಡಕಂಡ ಬಾಳೆಯನ್ನು ರಸಬಾಳೆಯೆಂದು ಕೂಗಿ ಮಾರುವುದನ್ನು ಕೇಳಿ ಕೋಪಗೊಳ್ಳುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸೊರಗುರೋಗದಿಂದ ತೋಟಗಳು ಕುಗ್ಗಿದರೂ ರಸಬಾಳೆಯೆಂಬ ಹೆಸರು ಇನ್ನೂ ಬೆಲೆಯನ್ನು ತರುತ್ತಿದೆಯಲ್ಲವೆ? ಶ್ರೀಕಂಠೇಶ್ವರನ ಗೋಪುರ, ತೇರು, ಸಂಗಮದ ಅಲೆ, ಬಾಳೆಯ ಗೊನೆ, ಇವನ್ನು ನಮ್ಮವರೇ ಚಿತ್ತಾರಕ್ಕೆ ತಂದುಕೊಂಡರೆ ಅದಕ್ಕೂ ಒಂದು ಹೆಸರು ಬೆಳೆಯಬಹುದು.

ಒಬ್ಬೊಬ್ಬಳೇ ಕುಳಿತು ಹೊಲಿದು, ಒಬ್ಬೊಬ್ಬಳೇ ಮಾರಹೋದರೆ ಕೆಲಸವು ಕೂಡಿಬರಲಾರದು. ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯನ್ನು ನೋಡಿರಿ. ಅಲ್ಲಿ ಸಂಡೂರು ಕುಶಲಕಲಾ ಕೇಂದ್ರವು ಅವರ ಕೆಲಸವನ್ನು ಒಂದುಗೂಡಿಸಿ, ಒಂದೇ ಹೆಸರಿನಲ್ಲಿ ಪೇಟೆಗೆ ಕಳುಹಿಸುವುದು. 2023ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ–20 ರಾಷ್ಟ್ರಗಳ ಸಭೆ ಸೇರಿದಾಗ, 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1755 ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ನಮ್ಮ ಸೀಮೆಗೂ ಇಂತಹ ಏರ್ಪಾಟು ಹೊಸದೇನಲ್ಲ. ಗಾಂಧಿಯವರು 1927ರಲ್ಲಿ ಬಂದು ನೋಡಿದ ಬದನವಾಳಿನ ಖಾದಿ ಕೇಂದ್ರವು ನಂಜನಗೂಡು ತಾಲ್ಲೂಕಿನದೇ. ಹಳ್ಳಿಯ ಸ್ತ್ರೀಶಕ್ತಿ ಸಂಘವು ದಾರವನ್ನು ಒಟ್ಟಾಗಿ ಕೊಂಡು, ಸಿದ್ಧವಾದ ಸರಕನ್ನು ಪರೀಕ್ಷಿಸಿ, ಮಾತಿನಲ್ಲಿ ಚುರುಕಾದ ಇಬ್ಬರನ್ನು ಮಾರಾಟಕ್ಕೆ ಕಳುಹಿಸಿದರೆ ಸಾಕು. ಚೆನ್ನಾಗಿ ಹೊಲಿಯುವವಳು ಚೆನ್ನಾಗಿ ಮಾರುವಳೆಂಬುದೇನೂ ಇಲ್ಲ.

ಇನ್ನು ಗ್ರಾಮಮುಖಂಡರ ಕೈಯಲ್ಲಿರುವ ವಿಷಯಕ್ಕೆ ಬರುವೆವು. ಸಂತೆ ಜಾತ್ರೆಗಳ ನೆಲಸುಂಕವನ್ನು ಅನೇಕ ಕಡೆ ಹರಾಜಿಗೆ ಹಾಕುವ ಪದ್ಧತಿಯುಂಟು. ಹರಾಜು ಹಿಡಿದವನು ತಾನು ಕಟ್ಟಿದ ಹಣವನ್ನು ಎತ್ತಿಕೊಳ್ಳಲು ನೋಡುವನು. ಗಟ್ಟಿ ಕುಳವಾದ ಮಿಠಾಯಿ ಅಂಗಡಿಯವನೊಡನೆ ಜಗಳವಾಡಲಾರದೆ ನೆಲದ ಮೇಲೆ ಚಾಪೆ ಹಾಸಿ ಕುಳಿತ ಹೆಂಗಸಿನಿಂದ ಎರಡು ಸಲ ವಸೂಲು ಮಾಡುವನು. ದಿನಕ್ಕೆ ಐದಾರು ಕುಲಾವಿ ಮಾರುವವಳಿಗೆ ಅದೇ ದೊಡ್ಡ ಹೊರೆ. ಹರಾಜಿನ ಕರಾರಿನಲ್ಲಿಯೇ, ತಾವೇ ತಯಾರಿಸಿದ ಕೈಕೆಲಸವನ್ನು ಮಾರುವ ಹೆಂಗಸರಿಂದ ಸುಂಕ ಎತ್ತಕೂಡದೆಂದು ಒಂದು ವಾಕ್ಯವನ್ನು ಬರೆಯಿಸಿದರೆ ಪಂಚಾಯಿತಿಗೆ ಆಗುವ ನಷ್ಟ ಅಲ್ಪ. ಸ್ಥಳವನ್ನು ಗೊತ್ತುಮಾಡುವಾಗಲೂ ಧೂಳಿನ ಮೂಲೆಗೆ ಅವರನ್ನು ತಳ್ಳದೆ, ನೆರಳೂ ಕುಡಿಯುವ ನೀರೂ ಶೌಚಾಲಯವೂ ಹತ್ತಿರವಿರುವ ಒಂದು ಸಾಲನ್ನು ಬಿಡಿಸಿಕೊಡಬೇಕು. ಬಿಳಿಯ ಬಟ್ಟೆಯ ಮೇಲಿನ ಕಸೂತಿಗೆ ಧೂಳೇ ಪರಮಶತ್ರು.

ಕಡೆಯದಾಗಿ ಒಂದು ಮಾತು ಕೆಲವರಿಗೆ ರುಚಿಸದಿರಬಹುದು. ಈಗ ಜಾತ್ರೆಯಲ್ಲಿಯೂ ಗಿರಾಕಿಯು ಮೊಬೈಲಿನಿಂದಲೇ ಹಣ ಸಲ್ಲಿಸುವನು. ಅದಕ್ಕಾಗಿ ಕ್ಯೂಆರ್ ಚೀಟಿಯೊಂದನ್ನು ಅಂಗಡಿಯ ಮುಂದೆ ಇಡುವರು. ಆ ಚೀಟಿಯು ಗಂಡನ ಅಥವಾ ಮೈದುನನ ಖಾತೆಯದಾಗಿದ್ದರೆ, ಹೊಲಿದವಳಿಗೆ ತಾನು ಎಷ್ಟು ಗಳಿಸಿದೆನೆಂಬುದೇ ತಿಳಿಯದೆ ಹೋಗುವುದು. ಮರುವರ್ಷ ಸೂಜಿಯನ್ನು ಹಿಡಿಯಲು ಅವಳಿಗೆ ಉತ್ಸಾಹವೂ ಇರದು. ಖಾತೆಯು ಅವಳ ಹೆಸರಿನದೇ ಆಗಿರಬೇಕು. ಕೇಂದ್ರ ಸರ್ಕಾರದ ಕರಕುಶಲ ಇಲಾಖೆಯು ಕೊಡುವ ಕುಶಲಕರ್ಮಿಯ ಗುರುತಿನ ಚೀಟಿಗೂ ಅವಳ ಹೆಸರಿನಲ್ಲಿಯೇ ಅರ್ಜಿ ಹಾಕಿಸಬೇಕು. ಸರ್ಕಾರದ ಮೇಳಗಳಲ್ಲಿ ಮಳಿಗೆ ಕೇಳುವಾಗ ಅದು ಒದಗುವುದು. ಸುತ್ತೂರಿನ ಜಾತ್ರೆಯು ಪುಷ್ಯದಲ್ಲಿ ಬರುವುದರಿಂದ ಈ ಅರ್ಜಿಯ ಕೆಲಸವನ್ನೂ ಖಾತೆಯ ಕೆಲಸವನ್ನೂ ಭತ್ತದ ಕೊಯ್ಲು ಹಿಡಿಯುವುದಕ್ಕೆ ಮೊದಲೇ ಮುಗಿಸಿಕೊಳ್ಳತಕ್ಕದ್ದು.